ಇನ್ನೂರ ಮೂರನೇ ಗೂಡು

ನಮ್ಮೂರಿಗೆ ಬಂದ ಹೊಸ ಸೊಸೆಯಂದಿರು ಮೊದಲು ಕಲಿಯುವುದು ಗಾಳಿಯ ವಾರ. ಮಂಗಳವಾರ ಗಾಳಿ ಕೆರೆ ಕಡೆಯಿಂದ ಬೀಸುತ್ತದೆ, ಅದು ಬಟ್ಟೆ ಒಗೆಯುವವರ ಪಾಲು. ಗುರುವಾರ ದಿಣ್ಣೆ ಕಡೆಯಿಂದ ಒಣಗಾಳಿ, ಅದು ಹಪ್ಪಳ ಸಂಡಿಗೆ ಇಡುವವರದು. ಉಳಿದ ದಿನ ಗಾಳಿ ಯಾರದೂ ಅಲ್ಲ, ಸುಮ್ಮನೆ ಅಡ್ಡಾಡಿಕೊಂಡಿರುತ್ತದೆ. ಬೆಳಿಗ್ಗೆ ಆರಕ್ಕೆ ಊರ ನಡುವಿನ ಗೋಪುರದ ಕೋಣೆಯಲ್ಲಿ ಕೂತವರು ಯಂತ್ರದ ನಲವತ್ತನೇ ಗೂಡಿನ ಅಂಕಿ ಬದಲಾಯಿಸುತ್ತಾರೆ, ಗಾಳಿ ತಿರುಗುತ್ತದೆ, ನಾವು ಹಲ್ಲುಜ್ಜುತ್ತೇವೆ.

ಯಂತ್ರ ಅಂದರೆ ಭಾರಿ ಏನಲ್ಲ. ಎರಡು ಕೈಯಲ್ಲಿ ಹಿಡಿದು ಆಡುವ ಆಟದ ಡಬ್ಬಿ, ಬಟ್ಟೆ ಸೋಪಿಗಿಂತ ಒಂಚೂರು ದೊಡ್ಡದು. ತೆರೆ ಹೆಸರುಬೇಳೆ ಕಟ್ಟಿನ ಬಣ್ಣದ್ದು. ಶುರು ಮಾಡಿದರೆ ಕೊಡ ಹೊತ್ತ ಒಬ್ಬ ಮನುಷ್ಯ ಮೆಟ್ಟಿಲು ಹತ್ತುತ್ತಾನೆ, ಏಳನೇ ಮೆಟ್ಟಿಲಲ್ಲಿ ಜಾರಿ ಬೀಳುತ್ತಾನೆ. ಅವನನ್ನು ಎಂಟನೆಯದಕ್ಕೆ ಹತ್ತಿಸಿದವರು ಈವರೆಗೆ ಹುಟ್ಟಿಲ್ಲ, ಆ ಬಗ್ಗೆ ಯಾರಿಗೂ ಬೇಸರವೂ ಇಲ್ಲ. ಎರಡು ಬಟನ್ನು ಒಟ್ಟಿಗೆ ಒತ್ತಿ ಹಿಡಿದರೆ ಆಟ ಹೋಗಿ ಇನ್ನೂರ ಐವತ್ತಾರು ಗೂಡು ಕಾಣುತ್ತವೆ, ಒಂದೊಂದರಲ್ಲೂ ಒಂದೊಂದು ಅಂಕಿ. ಅದನ್ನು ಯಾರು ಮಾಡಿದರು, ನಮ್ಮೂರಿಗೇ ಯಾಕೆ ಬಂತು ಅಂತ ನನ್ನನ್ನು ಕೇಳಬೇಡಿ. ನಾನು ರಿಪೇರಿಯವನು. ಲೋಕಪ್ಪ ಅಂತ. ಕೆಟ್ಟರೆ ಬಿಚ್ಚುತ್ತೇನೆ, ಸರಿಯಾದರೆ ಮುಚ್ಚುತ್ತೇನೆ.

ಯಾವ ಗೂಡು ಏನು ಮಾಡುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಒಂದೊಂದಾಗಿ ಬಿಡಿಸಿದರು. ಒಬ್ಬರು ಮೇಲೆ ಕೂತು ಅಂಕಿ ಬದಲಾಯಿಸುವುದು, ನಾಲ್ಕು ಜನ ಊರೆಲ್ಲ ಸುತ್ತಿ ಏನು ಬದಲಾಯಿತು ಅಂತ ನೋಡಿಕೊಂಡು ಬರುವುದು. ಹನ್ನೆರಡನೆಯದು ಬೀದಿದೀಪ. ಎಪ್ಪತ್ತೇಳನೆಯದು ನಲ್ಲಿ ನೀರು. ನೂರ ಹದಿನೆಂಟನ್ನು ಬಿಡಿಸಲು ಮೂವತ್ತೊಂದು ವರ್ಷ ಹಿಡಿಯಿತು. ಕೊನೆಗೆ ನೋಡಿದರೆ ಅದು ಊರಿನ ಬೆಕ್ಕುಗಳು ತಲೆಯಿಟ್ಟು ಮಲಗುವ ದಿಕ್ಕು. ಹೀಗೆ ಎಲ್ಲವೂ ಬಗೆಹರಿದು ಒಂದೇ ಒಂದು ಉಳಿಯಿತು. ಅದೇ ಇನ್ನೂರ ಮೂರನೆಯದು.

ಆ ಗೂಡಿನ ಅಂಕಿಯನ್ನು ಬದಲಾಯಿಸಲು ಬರುವುದಿಲ್ಲ. ನೋಡಬಹುದು, ಅಷ್ಟೇ. ನೋಡಬೇಕಾದರೂ ಕೆಳಗಿನ ಮೂಲೆಯ ಸಣ್ಣ ಬಟನ್ನು ಒತ್ತಬೇಕು, ಆ ಬಟನ್ನಿಗೆ ಬೇರೆ ಕೆಲಸವಿಲ್ಲ. ಒತ್ತಿದರೆ ಅಂಕಿ ಕಾಣುತ್ತದೆ, ಬಿಟ್ಟರೆ ಮಾಯ. ಮತ್ತು ಆ ಅಂಕಿ ಇಳಿಯುತ್ತಿತ್ತು. ನನ್ನ ಅಜ್ಜನ ಕಾಲಕ್ಕೆ ಇನ್ನೂರ ಹದಿನಾಲ್ಕು ಇತ್ತಂತೆ. ಒಮ್ಮೆ ನಾಲ್ಕು ತಿಂಗಳಿಗೆ ಒಂದು ಇಳಿಯುವುದು, ಒಮ್ಮೆ ಹದಿನೈದೇ ದಿನಕ್ಕೆ. ಮದುವೆ ಜಾಸ್ತಿಯಾದ ವರ್ಷ ಇಳಿಯುತ್ತೆ ಅಂದರು. ದೊಡ್ಡವರು ಯಾರಾದರೂ ಸತ್ತರೆ ಇಳಿಯುತ್ತೆ ಅಂದರು. ಕೆರೆ ಕೋಡಿ ಬಿದ್ದಾಗ, ಊರಿಗೆ ನೆಂಟರು ಬಂದಾಗ ಇಳಿಯುತ್ತೆ ಅಂದರು. ಎಲ್ಲದಕ್ಕೂ ದಿನಚರಿ ಪುಸ್ತಕದಲ್ಲಿ ಆಧಾರ ಸಿಗುತ್ತಿತ್ತು. ಸೊನ್ನೆಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಎಲ್ಲಿಂದ ಬರಬೇಕು? ನೀರು, ಗಾಳಿ, ದೀಪ ಎಲ್ಲ ನಿಂತುಹೋಗುತ್ತವೆ ಅಂತ ಕೆಲವರು. ನಾವೇ ನಿಂತುಹೋಗುತ್ತೇವೆ ಅಂತ ಇನ್ನು ಕೆಲವರು.

ಈ ಯಂತ್ರವನ್ನು ಕಾಯುವ ಕೆಲಸ ಧರಣೇಂದ್ರಯ್ಯನವರ ಮನೆತನದ್ದು. ಅವರ ಮಗಳು ಇಂದುಮತಿ, ನಾವೆಲ್ಲ ಇಂದಕ್ಕ ಅನ್ನುವುದು, ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ಕೂತಿದ್ದಳು. ಬೆಳಿಗ್ಗೆ ಸ್ನಾನ ಮಾಡಿ ಗೋಪುರ ಹತ್ತುವುದು, ಗಾಳಿ ತಿರುಗಿಸುವುದು, ನಲ್ಲಿ ಬಿಡುವುದು, ಇನ್ನೂರ ಮೂರನ್ನು ಒತ್ತಿ ನೋಡುವುದು, ಕಣ್ಣು ತಪ್ಪಿತೇನೋ ಅಂತ ಮತ್ತೊಮ್ಮೆ ಒತ್ತುವುದು, ಪುಸ್ತಕದಲ್ಲಿ ಬರೆಯುವುದು. ಜ್ವರ ಬಂದಾಗಲೂ ತಪ್ಪಿಸಿದವಳಲ್ಲ. ಹೊಳೆಯಾಚೆಯ ಒಂದು ಗಂಡು ಗೊತ್ತಾಗಿತ್ತು, ಕಾಯುವವರು ಊರು ಬಿಡುವಂತಿಲ್ಲ ಅಂತ ಅದನ್ನೂ ಬೇಡ ಅಂದಳು. ಆ ಗಂಡಿಗೆ ಈಗ ಮೂರು ಮಕ್ಕಳು.

ನಿಜ ಹೇಳಬೇಕೆಂದರೆ ಆ ಕೆಲಸ ಅವಳ ಪಾಲಿನದಲ್ಲ, ತಮ್ಮ ವಸುಪಾಲನದು. ಅಪ್ಪ ತೀರಿಕೊಂಡ ಮೇಲೆ ಅವನೇ ಕೂತಿದ್ದ, ಮೂರು ವರ್ಷ. ಗಾಳಿ, ದೀಪ, ನೀರು ಎಲ್ಲ ನೆಟ್ಟಗೆ ನಡೆಸಿದ. ಇನ್ನೂರ ಮೂರನ್ನು ನೋಡಲು ಬಂದವರಿಗೆ ಮಾತ್ರ ಬಟನ್ನು ಸಿಕ್ಕಿಕೊಂಡಿದೆ, ತಾನು ಹೇಗೋ ಒತ್ತಿ ನೋಡುತ್ತೇನೆ, ನೀವು ಮುಟ್ಟಬೇಡಿ ಅನ್ನುತ್ತಿದ್ದ. ಪುಸ್ತಕದಲ್ಲಿ ದಿನಾ ತೊಂಬತ್ತೊಂದು ಅಂತ ಬರೆದ. ಸಾವಿರಕ್ಕೂ ಹೆಚ್ಚು ಸಲ ಅದೇ ತೊಂಬತ್ತೊಂದು. ಕೊನೆಗೆ ಊರ ಸಮಿತಿಯವರು ಬಟನ್ನು ಸರಿಮಾಡು ಅಂತ ನನ್ನನ್ನು ಕರೆಸಿದರು. ಬಿಚ್ಚಿ ನೋಡಿದೆ. ಬಟನ್ನಿನ ಕೆಳಗಿನ ರಬ್ಬರು ಮೂರು ವರ್ಷದ ಹಿಂದೆ ನಾನೇ ಹಾಕಿದ್ದು, ಒಂದು ಗೀರಿಲ್ಲದೆ ಹೊಸದರ ಹಾಗಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು, 'ಇದನ್ನ ಯಾರೂ ಒತ್ತೇ ಇಲ್ಲ' ಅಂತ ಎಲ್ಲರಿಗೂ ತೋರಿಸಿದವನು ನಾನು. ಆಗ ನನಗೆ ಅದೊಂದು ಜಂಬ. ಮತ್ತೆ ಮುಚ್ಚಿ ಒತ್ತಿದರೆ ಅಂಕಿ ತೊಂಬತ್ತೊಂದೇ ಇತ್ತು. ಕಳ್ಳನಿಗೆ ಅದೃಷ್ಟ ನೋಡು ಅಂದರು ಜನ. ಅದಕ್ಕಿಂತ ಮುಂದಕ್ಕೆ ಯಾರ ತಲೆಯೂ ಓಡಲಿಲ್ಲ, ನನ್ನದೂ ಸೇರಿ.

ವಸುಪಾಲನನ್ನು ಗೋಪುರದಿಂದ ಇಳಿಸಿದರು. ಅವನು ಒಂದು ಮಾತೂ ಆಡಲಿಲ್ಲ. ಊರಿನ ಆಚೆ ತುದಿಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದ. ಇಂದಕ್ಕ ಅವತ್ತಿನಿಂದ ಅವನ ಹೆಸರೆತ್ತಲಿಲ್ಲ.

ಅವಳ ಕಾಲದಲ್ಲಿ ಅಂಕಿ ಇಳಿದೂ ಇಳಿದೂ ಒಂದಂಕಿಗೆ ಬಂತು. ಆಗ ಊರಿನ ನಡವಳಿಕೆ ಬದಲಾಯಿತು. ಯಾರೂ ಅಕ್ಕಿ ಮೂಟೆಗಟ್ಟಲೆ ಕೊಳ್ಳದಾದರು, ಸೇರುಗಟ್ಟಲೆ ತರುತ್ತಿದ್ದರು. ದೊಡ್ಡವರಾಗಲಿ ಅಂತ ಕಾಯಿಸಿದ್ದ ಹುಡುಗಿಯರ ಮದುವೆಗಳು ಗಡಿಬಿಡಿಯಲ್ಲಿ ಮುಗಿದವು. ಟೈಲರ್ ನಾಗೋಜಿ ಮಕ್ಕಳ ಬಟ್ಟೆಗೆ ಬೆಳೆಯಲಿ ಅಂತ ಬಿಡುತ್ತಿದ್ದ ಅಂಚನ್ನು ಬಿಡುವುದು ನಿಲ್ಲಿಸಿದ. ಅದೊಂದು ಕಂಡ ದಿನ ಮಾತ್ರ ನಾನು ಅಂಗಡಿ ಬೇಗ ಮುಚ್ಚಿ ಮನೆಗೆ ಹೋದೆ. ಗೋಪುರದ ಮುಂದೆ ದಿನಾ ಸಾಲು. ಮಕ್ಕಳನ್ನು ಎತ್ತಿಕೊಂಡು ಬಂದು, ಒಬ್ಬೊಬ್ಬರೂ ತಾವೇ ಒತ್ತಿ ನೋಡಿ ಹೋಗುತ್ತಿದ್ದರು.

ಅಷ್ಟು ಜನ ಒತ್ತಿದ ಮೇಲೆ ರಬ್ಬರು ಉಳಿಯುತ್ತದೆಯೇ? ಸವೆದು ಹೋಯಿತು. ನಾನು ಹೊಸದು ಹಾಕಲು ಹೋದೆ. ಆ ರಬ್ಬರು ತೆಗೆದಷ್ಟು ಹೊತ್ತು ನಲ್ಲಿ ನಿಲ್ಲುತ್ತದೆ, ಗಾಳಿ ಸತ್ತುಹೋಗುತ್ತದೆ, ಹಾಗಾಗಿ ಹತ್ತೇ ನಿಮಿಷದಲ್ಲಿ ಮುಗಿಸಬೇಕು. ಒಂದು ರಬ್ಬರು ಎಷ್ಟು ಒತ್ತು ತಾಳುತ್ತದೆ ತಿಳಿದುಕೊಳ್ಳೋಣ ಅಂತ ಆ ಸಲ ಬಟನ್ನಿನ ಮೇಲೆ ಒಂದು ಎಣಿಸುವ ಡಬ್ಬಿ ಕೂರಿಸಿದೆ. ಬಾಗಿಲಲ್ಲಿ ನಿಂತು ಒಳಗೆ ಹೋಗುವವರ ತಲೆ ಎಣಿಸಲು ಇಟ್ಟುಕೊಳ್ಳುತ್ತಾರಲ್ಲ, ಟಿಕ್ ಟಿಕ್ ಅನ್ನುವುದು, ಅಂಥದ್ದು. ನನ್ನ ಯೋಚನೆ ಇದ್ದದ್ದು ರಬ್ಬರಿನ ಬಗ್ಗೆ ಮಾತ್ರ.

ನಾನು ಅದನ್ನು ಕೂರಿಸಿದಾಗ ಗೂಡಿನಲ್ಲಿ ಆರು ಇತ್ತು. ಡಬ್ಬಿ ನೂರ ಮೂವತ್ತೆಂಟು ತೋರಿಸಿದಾಗ ಐದಾಯಿತು. ಮುನ್ನೂರ ತೊಂಬತ್ತನಾಲ್ಕಕ್ಕೆ ನಾಲ್ಕಾಯಿತು. ಆರುನೂರ ಐವತ್ತಕ್ಕೆ ಮೂರು. ಇಂದಕ್ಕ ಎಲ್ಲವನ್ನೂ ಬರೆಯುವ ಹೆಂಗಸು, ಇದನ್ನೂ ಬರೆದಿಟ್ಟಿದ್ದಳು. ಮೂರಾದ ದಿನ ಸಾಲನ್ನೆಲ್ಲ ಕೆಳಗೆ ಕಳಿಸಿ, ಬಾಗಿಲು ಹಾಕಿ ನನಗೆ ಹೇಳಿಕಳಿಸಿದಳು. ಹೋದರೆ ಆ ಅಂಕಿಗಳ ಪುಸ್ತಕ ತೆರೆದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

'ಲೋಕಪ್ಪ, ಈ ಎರಡು ಕಳೆದು ನೋಡು.'

ಕಳೆದೆ. ಇನ್ನೂರ ಐವತ್ತಾರು ಬಂತು. ಮತ್ತೆರಡು ಕಳೆದೆ. ಅದೂ ಇನ್ನೂರ ಐವತ್ತಾರು. ಈ ಯಂತ್ರಕ್ಕೆ ಆ ಸಂಖ್ಯೆಯ ಮೇಲೆ ಮೊದಲಿನಿಂದಲೂ ಮಮತೆ.

'ಮದುವೆಗಲ್ಲ, ಸಾವಿಗಲ್ಲ,' ಅಂದಳು. 'ನಾವು ನೋಡೋದಕ್ಕೆ ಇಳೀತಿದೆ. ಮದುವೆಗೆ ಬಂದ ನೆಂಟರು ನೋಡೋಕೆ ಹತ್ತಿ ಬರ್ತಿದ್ರು. ಯಾರಾದ್ರೂ ಸತ್ರೆ ಎಲ್ಲರೂ ಓಡಿ ಬರ್ತಿದ್ರು. ಇನ್ನೂರ ಐವತ್ತಾರು ಸಲ ನೋಡಿದ್ರೆ ಒಂದು ಹೋಗುತ್ತೆ. ನಾನು ದಿನಾ ಎರಡೆರಡು ಸಲ ನೋಡಿದೀನಿ ಕಣೋ. ಇಪ್ಪತ್ತೆರಡು ವರ್ಷ.'

ರಬ್ಬರು ಚೆನ್ನಾಗಿದೆಯೇ ಅಂತ ಕೇಳಿದೆ, ನೋಡಿ, ಎಂಥಾ ಮನುಷ್ಯ ನಾನು.

ಮಾರನೇ ದಿನ ಸಮಿತಿಯ ಏಳೂ ಜನ ಗೋಪುರ ಹತ್ತಿದರು. ಅಧ್ಯಕ್ಷರು ಚೆನ್ನವೀರಯ್ಯ, ತೂಕದ ಮನುಷ್ಯ, ಎರಡರ್ಥದಲ್ಲೂ ಅಲ್ಲ, ಬರೀ ಮೈಯಲ್ಲಿ. ಅವರು ಪೂರ್ತಿ ಕೇಳಿಸಿಕೊಂಡು, 'ಇಂದುಮತಮ್ಮ, ನೀವು ಹೇಳೋದು ಕೇಳೋಕೆ ಚೆನ್ನಾಗಿದೆ. ಪುರಾವೆ ಬೇಕಲ್ಲ?' ಅಂದರು.

'ಪುರಾವೆ ಅಂದ್ರೆ ಇನ್ನೊಂದು ಕಳ್ಕೊಳ್ಳೋದು ಸ್ವಾಮಿ. ಇರೋದೇ ಮೂರು.'

'ಒಂದು ಹೋದ್ರೂ ಎರಡು ಉಳಿಯುತ್ತಲ್ಲ.'

ಇಂದಕ್ಕ ಬಾಗಿಲಿಗೆ ಅಡ್ಡ ನಿಂತಳು, ಕೈ ಮುಗಿದಳು. ಆದರೂ ಒತ್ತಿದರು. ಸರದಿಯ ಮೇಲೆ ಒತ್ತಿದರು, ಹೆಬ್ಬೆರಳು ನೋವಾದಾಗ ಕೈ ಬದಲಾಯಿಸಿದರು, ನಡುವೆ ಟೀ ತರಿಸಿ ಕುಡಿದರು. ಒಂಬೈನೂರ ಐದಕ್ಕೆ ಮೂರು ಮೂರಾಗಿಯೇ ಇತ್ತು. ಒಂಬೈನೂರ ಆರಕ್ಕೆ ಎರಡಾಯಿತು. ಆಮೇಲೆ, ನಿಜವಾಗಿ ಎರಡೇ ಹೌದೇ ಅಂತ ಏಳು ಜನವೂ ಒಬ್ಬೊಬ್ಬರಾಗಿ ಇನ್ನೊಂದು ಸಲ ಒತ್ತಿ ನೋಡಿದರು. ಡಬ್ಬಿ ಒಂಬೈನೂರ ಹದಿಮೂರಕ್ಕೆ ನಿಂತಿತು.

ಇನ್ನು ಯಾರೂ ನೋಡಬಾರದು ಅಂತ ಡಂಗುರ ಹೊಡೆಸಿದರು. ಆದರೆ ಗಾಳಿ, ನೀರು, ದೀಪಕ್ಕೆ ದಿನಾ ಯಂತ್ರ ಮುಟ್ಟಲೇಬೇಕು, ಮುಟ್ಟಿದರೆ ಸಣ್ಣ ಬಟನ್ನು ಹೆಬ್ಬೆರಳಿನ ಪಕ್ಕದಲ್ಲೇ ಇರುತ್ತದೆ. ಎರಡು ದಿನ ಕಳೆದ ಮೇಲೆ ಇಂದಕ್ಕ ನನ್ನ ಅಂಗಡಿಗೆ ಬಂದಳು.

'ನನ್ನ ಕೈ ನನ್ನ ಮಾತು ಕೇಳ್ತಿಲ್ಲ. ಇವತ್ತು ಬಟನ್ನಿನ ಮೇಲೆ ಬೆರಳು ಕೂತುಬಿಟ್ಟಿತ್ತು, ಎಳೆದು ತೆಗೆದೆ. ಭಟ್ಟಿ ತನಕ ನನ್ನ ಜೊತೆ ಬಾ. ಒಬ್ಬಳೇ ಹೋಗೋಕೆ ಕಾಲು ಬರ್ತಿಲ್ಲ.'

ನಡುಮಧ್ಯಾಹ್ನ. ಭಟ್ಟಿಯೊಳಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ವಸುಪಾಲ ತಲೆಗೆ ಟವೆಲ್ ಸುತ್ತಿಕೊಂಡು ಜರಡಿ ಹಿಡಿದಿದ್ದ. ಹುಬ್ಬೆಲ್ಲ ಬೆಳ್ಳಗಾಗಿತ್ತು, ಬೂದಿಯೋ ವಯಸ್ಸೋ ಗೊತ್ತಾಗಲಿಲ್ಲ. ಅಕ್ಕನನ್ನು ಕಂಡು ಜರಡಿ ಕೆಳಗಿಟ್ಟ.

'ನೀನು ಒಂದು ಸಲನೂ ಒತ್ತಿರ್ಲಿಲ್ವಾ?' ಅಂದಳು ಇಂದಕ್ಕ.

'ಇಪ್ಪತ್ತೆರಡು ವರ್ಷ ಆದ್ಮೇಲೆ ಬಂದು ಇದನ್ನ ಕೇಳ್ತಿದೀಯಾ? ಊಟ ಆಯ್ತಾ ಅಂತನಾದ್ರೂ ಕೇಳ್ಬಾರ್ದಾ?'

'ಊಟ ಆಯ್ತಾ?'

'ಆಯ್ತು.'

'ಒತ್ತಿರ್ಲಿಲ್ವಾ?'

'ಇಲ್ಲ ಅಕ್ಕ.' ಅವನು ಅಲ್ಲೇ ಅಕ್ಕಿ ಚೀಲದ ಮೇಲೆ ಕೂತ. 'ಮೊದಲನೇ ದಿನ ಬೆರಳಿಟ್ಟೆ. ನನ್ನ ಕೈಲೇ ಇಳಿದುಬಿಟ್ರೆ ಅಂತ ಹೆದರಿ ತೆಗೆದುಬಿಟ್ಟೆ. ನಾಳೆ ಒತ್ತೋಣ ಅಂದ್ಕೊಂಡೆ. ನಾಳೆನೂ ಹಂಗೇ ಆಯ್ತು. ಆಮೇಲೆ ನೀವೆಲ್ಲ ಸೋಮಾರಿ ಅಂದ್ರಿ, ಕಳ್ಳ ಅಂದ್ರಿ. ಪುಕ್ಕಲ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ ಅಂತ ಸುಮ್ಮನಿದ್ದೆ.'

ಇಂದಕ್ಕ ಅವನಿಗೆ ಎಲ್ಲ ಹೇಳಿದಳು. ಡಬ್ಬಿಯದು, ಇನ್ನೂರ ಐವತ್ತಾರರದು, ಉಳಿದ ಎರಡರದು. ಹೇಳಿ ಮುಗಿಸುವ ಹೊತ್ತಿಗೆ ಬಾಣಲೆಯ ಮಂಡಕ್ಕಿ ಸೀದು ವಾಸನೆ ಬರುತ್ತಿತ್ತು. ಯಾರೂ ಅದರ ಕಡೆ ಹೋಗಲಿಲ್ಲ.

'ಮೂರು ವರ್ಷ ಊರನ್ನ ಉಳಿಸಿದ್ದು ನೀನೊಬ್ಬನೇ,' ಅಂದಳು. 'ಸವೆಸಿದ್ದು ನಾನು. ಹೊತ್ತಿಗೆ ಸರಿಯಾಗಿ ಎದ್ದು, ಸ್ನಾನ ಮಾಡಿ, ನಿಯತ್ತಿನಿಂದ ಸವೆಸಿದೆ. ಬಾ ವಸು. ಆ ಯಂತ್ರ ಕೈಲಿದ್ದೂ ನೋಡದೇ ಇರೋಕೆ ಬಂದವನು ಈ ಊರಲ್ಲಿ ನೀನೊಬ್ಬನೇ.'

'ಆಗ ಹೆದರಿಕೆ ಇತ್ತು ಅಕ್ಕ. ಈಗಿಲ್ಲ. ಎಷ್ಟಾಗಿರ್ಬಹುದು, ಒಂದು ಸಲ ನೋಡ್ಬೇಕು ಅಂತ ಇಲ್ಲಿ ದಿನಾ ಅನ್ಸಿದೆ. ನನ್ನ ನಂಬ್ಬೇಡ.'

'ಹಂಗಾದ್ರೆ ಇಬ್ರೂ ಇರೋಣ. ನನ್ನ ನೀನು ಕಾಯಿ, ನಿನ್ನ ನಾನು ಕಾಯ್ತೀನಿ.'

ಸಮಿತಿಯವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಒಂದು ಷರತ್ತು ಹಾಕಿದರು: ದಿನಾ ಸಂಜೆ ಬಂದು ಡಬ್ಬಿ ನೋಡುತ್ತೇವೆ, ಒಂಬೈನೂರ ಹದಿಮೂರು ದಾಟಿದ್ದರೆ ಒತ್ತಿದವರು ಗೋಪುರ ಬಿಟ್ಟು ಇಳಿಯಬೇಕು, ಮತ್ತೆ ಜನ್ಮದಲ್ಲಿ ಹತ್ತುವಂತಿಲ್ಲ. ಡಬ್ಬಿ ನೋಡುವುದಕ್ಕೆ ಖರ್ಚಿಲ್ಲವಲ್ಲ, ಜನ ಅದನ್ನು ನೋಡಲು ಸಾಲು ಹಚ್ಚಿದರು. ಒಂಬೈನೂರ ಹದಿಮೂರು ಅಂತ ಓದಿಕೊಂಡು ನೆಮ್ಮದಿಯಾಗಿ ಇಳಿದು ಹೋಗುತ್ತಿದ್ದರು. ಅಂಗಡಿಯಲ್ಲಿ ಅಕ್ಕಿ ಮತ್ತೆ ಮೂಟೆಯ ಲೆಕ್ಕದಲ್ಲಿ ಹೋಗತೊಡಗಿತು.

ಅಕ್ಕ ತಮ್ಮ ಯಂತ್ರಕ್ಕೆ ಬೆನ್ನು ಹಾಕಿ ಪಕ್ಕ ಪಕ್ಕ ಕೂರುತ್ತಿದ್ದರು. ಅವಳು ಅವರೆಕಾಯಿ ಬಿಡಿಸಿದರೆ ಅವನು ಕಾಳು ಹಿದುಕುತ್ತಿದ್ದ. ತಿಂಗಳಿಗೊಮ್ಮೆ ಯಂತ್ರದ ಧೂಳು ಒರೆಸಲು ಹೋದಾಗ ಕಿವಿಗೆ ಬೀಳುತ್ತಿತ್ತು: ಅಪ್ಪನ ಕೋಪದ ಮಾತು, ಹಳೇ ಮನೆಯ ಬಾವಿಯ ಮಾತು, ಅಡುಗೆಗೆ ಉಪ್ಪು ಹೆಚ್ಚಾದದ್ದಕ್ಕೆ ಜಗಳ. ಆ ಕೋಣೆಯಲ್ಲಿ ನಗು ಕೇಳಿದ್ದು ನಾನು ಆಗಲೇ ಮೊದಲು. ಆರು ತಿಂಗಳು ಹೀಗೇ ನಡೆಯಿತು.

ಏಳನೇ ತಿಂಗಳು ನಾನು ಧೂಳು ಒರೆಸುತ್ತಿರುವಾಗ ಕೆಳಗೆ ತರಕಾರಿಯವಳು ಕೂಗಿದಳು. ಇಬ್ಬರೂ ಇಳಿದು ಹೋದರು. ಒಬ್ಬರನ್ನು ಒಬ್ಬರು ಬಿಟ್ಟಿರುವಂತಿಲ್ಲವಲ್ಲ, ಅದಕ್ಕೆ. ಬದನೆಕಾಯಿ ಎಳೆಯದಲ್ಲ ಅಂತ ಇಂದಕ್ಕ ಚೌಕಾಸಿ ಮಾಡುವುದು ಕೇಳಿಸುತ್ತಿತ್ತು. ಯಂತ್ರ ನನ್ನ ಕೈಯಲ್ಲಿತ್ತು. ನಾನು ರಿಪೇರಿಯವನು, ಈ ನೋಡುವ ಚಟ, ಆತಂಕ ಎಲ್ಲ ನನಗೆ ತಾಗುವಂಥದ್ದಲ್ಲ ಅಂತಲೇ ಐವತ್ತು ದಾಟಿದ್ದೆ. ಬೆರಳು ಎಲ್ಲಿತ್ತೋ ಅಲ್ಲೇ ಇತ್ತು. ಟಿಕ್ ಅಂದದ್ದು ಕೇಳಿದ ಮೇಲೆಯೇ ನನಗೆ ಗೊತ್ತಾದದ್ದು, ಒತ್ತಿದ್ದೇನೆ ಅಂತ.

ಬಟ್ಟೆ, ಬ್ರಷ್ಷು ಚೀಲಕ್ಕೆ ತುರುಕಿಕೊಂಡು ಇಳಿದುಬಂದೆ. ಇಂದಕ್ಕ, 'ಮಜ್ಜಿಗೆ ಕುಡಿದು ಹೋಗೋ,' ಅಂದಳು. ಕೆಲಸ ಇದೆ ಅಂದೆ.

ಸಂಜೆ ಸಮಿತಿಯವರು ಡಬ್ಬಿ ನೋಡಿದರು. ಒಂಬೈನೂರ ಹದಿನಾಲ್ಕು. ಅರ್ಧ ಗಂಟೆಯಲ್ಲಿ ಇಡೀ ಊರು ಗೋಪುರದ ಕೆಳಗೆ ನೆರೆಯಿತು, ನಾನೂ ಹೋಗಿ ನಿಂತೆ. ಧೂಳು ಒರೆಸಲು ಯಾರು ಹತ್ತಿದ್ದರು ಅಂತ ಒಬ್ಬರೂ ಕೇಳಲಿಲ್ಲ. ರಿಪೇರಿಗೆ ಬಂದವನನ್ನು ಯಾರೂ ಬಂದವರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸ್ಕ್ರೂಡ್ರೈವರ್ ಬಂದು ಹೋಯಿತು ಅಂದುಕೊಳ್ಳುತ್ತಾರೆ.

'ಯಾರು ಒತ್ತಿದ್ದು?' ಅಂದರು ಚೆನ್ನವೀರಯ್ಯ. ಕೇಳಿದ್ದು ಇಬ್ಬರನ್ನೂ, ನೋಡಿದ್ದು ವಸುಪಾಲನನ್ನು. ಊರೂ ಅವನನ್ನೇ ನೋಡಿತು. ಹಳೇ ಕಳ್ಳ, ಇವನ ಬುದ್ಧಿ ಎಲ್ಲಿ ಹೋಗುತ್ತೆ ಅಂತ ಹಿಂದಿನಿಂದ ಯಾರೋ ಅಂದರು. ಅವನು ಇಪ್ಪತ್ತೆರಡು ವರ್ಷದ ಹಿಂದೆ ನಿಂತಿದ್ದ ಹಾಗೆಯೇ ತಲೆ ತಗ್ಗಿಸಿ ನಿಂತಿದ್ದ. ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ, ಗಾಳಿ ಒಳಗೆ ಹೋದದ್ದು ನೆನಪಿದೆ.

'ನಾನು,' ಅಂದಳು ಇಂದಕ್ಕ. 'ಒತ್ತಿದ್ದು ನಾನು. ಅಭ್ಯಾಸಬಲ. ಅವನದೇನೂ ತಪ್ಪಿಲ್ಲ.'

ವಸುಪಾಲ ತಲೆಯೆತ್ತಿ ಅಕ್ಕನನ್ನು ನೋಡಿದ. ಏನೋ ಹೇಳಲು ಹೋದ, ಅವಳು ಅವನ ಮೊಣಕೈ ಹಿಡಿದು ಅದುಮಿದಳು. ನನ್ನ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಮುಚ್ಚಿಕೊಂಡಾಗ ನನಗೆ ಆದದ್ದು ಸಮಾಧಾನ, ಅದನ್ನೂ ಮುಚ್ಚಿಡುವುದಿಲ್ಲ. ನಾಚಿಕೆ ಬಂದದ್ದು ಮನೆಗೆ ಹೋಗಿ ಚಪ್ಪಲಿ ಬಿಟ್ಟ ಮೇಲೆ.

ಅವಳನ್ನು ಇಳಿಸಿದರು. ವಸುಪಾಲನೊಬ್ಬನೇ ಮೇಲೆ ಉಳಿದ. ಅವನು ಖಾಲಿ ಮಾಡಿದ್ದ ಜಾಗ ಭಟ್ಟಿಯಲ್ಲಿ ಹಾಗೇ ಇತ್ತು, ಇಂದಕ್ಕ ಅಲ್ಲಿ ಜರಡಿ ಹಿಡಿಯಲು ಸೇರಿದಳು. ಮಧ್ಯಾಹ್ನದ ಹೊತ್ತು ಗೋಪುರದ ಬಾಗಿಲವರೆಗೆ ಹೋಗಿ ತಮ್ಮನಿಗೆ ಬುತ್ತಿ ಕೊಟ್ಟು ಬರುತ್ತಾಳೆ ಅಂತ ಜನ ಹೇಳುತ್ತಿದ್ದರು. ನಾನು ಹನ್ನೆರಡು ದಿನ ಆ ದಾರಿಯಲ್ಲೇ ಓಡಾಡಲಿಲ್ಲ. ಹದಿಮೂರನೇ ದಿನ ಹೋದೆ.

'ಬಾ ಲೋಕಪ್ಪ, ಕೂತ್ಕೋ,' ಅಂದಳು. ಒಂದು ಹಿಡಿ ಬಿಸಿ ಮಂಡಕ್ಕಿ ಪೇಪರಿನಲ್ಲಿ ಹಾಕಿ ಕೊಟ್ಟಳು. ಹುಬ್ಬಿನ ಮೇಲೆ ಅದೇ ಬೂದಿ.

'ಅಕ್ಕ, ಅವತ್ತು...'

'ಗೊತ್ತು. ನೀನು ಬರೋ ಮುಂಚೆ ಡಬ್ಬಿ ನೋಡಿದ್ದೆ, ಒಂಬೈನೂರ ಹದಿಮೂರಿತ್ತು. ವಸು ನನ್ನ ಜೊತೆನೇ ಇದ್ದ.'

'ಮತ್ತೆ ಯಾಕೆ ನನ್ನ ಹೆಸರು ಹೇಳ್ಲಿಲ್ಲ?'

'ಹೇಳಿದ್ರೆ ಯಾರು ನಂಬ್ತಿದ್ರು? ತಮ್ಮನ್ನ ಬಿಡಿಸ್ಕೊಳ್ಳೋಕೆ ಪಾಪದವನ ಮೇಲೆ ಹಾಕ್ತಾಳೆ ಅಂತಿದ್ರು. ಹೋದ ಸಲ ಅವನು ಹಂಗೆ ನಿಂತಿದ್ದಾಗ ನಾನೂ ಊರಿನವರ ಸಾಲಲ್ಲೇ ನಿಂತಿದ್ದೆ. ಇನ್ನೊಂದು ಸಲ ಅದನ್ನ ನೋಡೋಕೆ ನಂಗೆ ಆಗ್ತಿರ್ಲಿಲ್ಲ.'

ಕ್ಷಮಿಸು ಅನ್ನಬೇಕು ಅಂತಲೇ ನಾನು ಹೋಗಿದ್ದು. ಮಂಡಕ್ಕಿ ಬಾಯಲ್ಲಿ ತುಂಬಿತ್ತು. ಅವಳು ಕೈಯೊರೆಸಿಕೊಂಡು, ಹಿಂದೆ ಮುಂದೆ ನೋಡಿ, ನನ್ನ ಹತ್ತಿರಕ್ಕೆ ಬಗ್ಗಿದಳು.

'ಎಷ್ಟಿತ್ತೋ?' ಅಂದಳು.

'ಎರಡು ಅಕ್ಕ. ಎರಡೇ ಇದೆ.'

'ಹೂಂ,' ಅಂದಳು. ಸೆರಗು ಸಿಕ್ಕಿಸಿಕೊಂಡು ಬಾಣಲೆಯ ಕಡೆ ಹೋದಳು.